ಆರ್ಥಿಕ ಹಿಂಜರಿತವೂ ರೈತನ ಲೆಕ್ಕವೂ

ತರಬೇತಿ ಶಿಬಿರಗಳಲ್ಲಿ ರೈತರು ಆಗಾಗ್ಗೆ ಕೇಳುವ ಪ್ರಶ್ನೆ ಇದು: "ಮಳೆ ಬಂತು, ಬೆಳೆಯೂ ಬಂತು, ರೋಗವಿಲ್ಲ. ಆದರೂ ಕೊಳ್ಳುವವರಿಲ್ಲವಲ್ಲ, ಏಕೆ ಸ್ವಾಮಿ?" ನಾನು ಕಲಿಸುವ ಬೇಸಾಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಪೇಟೆಯ ಕಡೆ ನೋಡಬೇಕು.

ದೇಶದಲ್ಲಿ ತಯಾರಾಗುವ ಸರಕು, ಸಲ್ಲುವ ಸೇವೆ ಇವುಗಳ ಒಟ್ಟು ಮೌಲ್ಯವು ಸತತವಾಗಿ ಎರಡು ತ್ರೈಮಾಸಿಕಗಳಲ್ಲಿ ಕುಗ್ಗಿದರೆ ಅದನ್ನು ಸಾಮಾನ್ಯವಾಗಿ ಆರ್ಥಿಕ ಹಿಂಜರಿತವೆನ್ನುವರು. ಹಿಂದೆ ನಮ್ಮಲ್ಲಿ ಇಂತಹ ಕುಸಿತ ಬಹುಮಟ್ಟಿಗೆ ಹೊಲದಿಂದಲೇ ಪ್ರಾರಂಭವಾಗುತ್ತಿತ್ತು. 1979-80ರಲ್ಲಿ ತೀವ್ರ ಬರ ಬಿದ್ದು, ತೈಲದ ಬೆಲೆಯೂ ಏರಿ, ದೇಶದ ಉತ್ಪನ್ನ ಶೇಕಡ 5ಕ್ಕೂ ಹೆಚ್ಚು ಇಳಿಯಿತು. 2020ರಲ್ಲಿ ದಿಕ್ಕು ತಿರುಗಿತು. ಕೋವಿಡ್ ನಿಮಿತ್ತ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿದ್ದು, ಏಪ್ರಿಲ್-ಜೂನ್ ತ್ರೈಮಾಸಿಕದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡ 24ರಷ್ಟು ಕುಗ್ಗಿತು. ಮುಂದಿನ ತ್ರೈಮಾಸಿಕದಲ್ಲೂ ಇಳಿಕೆಯೇ. ಆ ಎರಡೂ ಅವಧಿಗಳಲ್ಲಿ ಕೃಷಿ ಮಾತ್ರ ಬೆಳೆಯಿತು. ಹಾಗಿದ್ದರೂ ಬೆಳೆದವನ ಕೈ ಬರಿದಾದದ್ದು ಹೇಗೆ?

ಸಂಪಾದನೆ ಕಡಿಮೆಯಾದ ಕುಟುಂಬ ರಾಗಿ, ಅಕ್ಕಿ ಕೊಳ್ಳುವುದನ್ನು ಬಿಡುವುದಿಲ್ಲ. ಮೊದಲು ಬಿಡುವುದು ಹೂವು, ಹಣ್ಣು, ರೇಷ್ಮೆ. ಆ ವರ್ಷ ಮದುವೆ, ಜಾತ್ರೆಗಳೂ ನಿಂತು ಹೂವು ಗಿಡದಲ್ಲೇ ಒಣಗಿತು. ಕರ್ನಾಟಕ ಸರ್ಕಾರ ಹೂ ಬೆಳೆಗಾರರಿಗೆ ಗರಿಷ್ಠ ಒಂದು ಹೆಕ್ಟೇರಿಗೆ 25,000 ರೂ. ಪರಿಹಾರ ಪ್ರಕಟಿಸಬೇಕಾಯಿತು.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ರೈತ 60,000 ರೂ. ಖರ್ಚು ಮಾಡಿ 1,00,000 ರೂ. ಬೆಳೆ ಮಾರುತ್ತಾನೆಂದುಕೊಳ್ಳಿ. ಉಳಿಕೆ 40,000. ಬೆಲೆ ಶೇಕಡ 25ರಷ್ಟು ಇಳಿದರೆ ಕೈಗೆ ಬರುವುದು 75,000. ಖರ್ಚು ಆಗಲೇ ಆಗಿಹೋಗಿದೆ. ಉಳಿಕೆ 15,000 ಮಾತ್ರ. ಬೆಲೆ ಬಿದ್ದದ್ದು ಕಾಲು ಭಾಗ, ಆದಾಯ ಬಿದ್ದದ್ದು ಅರ್ಧಕ್ಕಿಂತ ಹೆಚ್ಚು. ಗೊಬ್ಬರಕ್ಕೂ ಗುತ್ತಿಗೆ ಜಮೀನಿಗೂ ಸಾಲ ಮಾಡಿದವನಿಗೆ ಇದರಲ್ಲೇ ಬಡ್ಡಿ ಕಟ್ಟಬೇಕು.

ಇಂತಹವನು ಮರುಬೆಳೆಗೆ ಮೊದಲು ಕಡಿತ ಮಾಡುವುದು ಕಳೆ ತೆಗೆಸುವ ಕೂಲಿಯನ್ನು. ಪೇಟೆಯಿಂದ ಹಣ ಕಳಿಸುತ್ತಿದ್ದ ಮಗನೂ ಅದೇ ಹೊತ್ತಿಗೆ ಊರಿಗೆ ಮರಳುತ್ತಾನೆ. ದೇಶದ ದುಡಿಯುವವರಲ್ಲಿ ಕೃಷಿಯನ್ನು ಅವಲಂಬಿಸಿದವರು 2018-19ರಲ್ಲಿ ಶೇಕಡ 42.5 ಇದ್ದದ್ದು 2020-21ರಲ್ಲಿ 46.5ಕ್ಕೆ ಏರಿತು. ಇದನ್ನು ಕೃಷಿಯ ಏಳಿಗೆಯೆಂದು ಓದುವವರೂ ಇದ್ದಾರೆ! ಅಷ್ಟೇ ಭೂಮಿಯನ್ನು ಹೆಚ್ಚು ಜನ ಹಂಚಿಕೊಂಡರು, ಅಷ್ಟೆ. ಉದ್ಯೋಗ ಖಾತರಿ ಯೋಜನೆಯ ಕೆಲಸ 2019-20ರ ಸುಮಾರು 265 ಕೋಟಿ ಮಾನವ ದಿನಗಳಿಂದ ಮರುವರ್ಷ 389 ಕೋಟಿಗೆ ಏರಿದ್ದರಲ್ಲಿ ನಿಜ ಸ್ಥಿತಿ ಕಾಣುತ್ತದೆ.

ಸಾಲದ ವಿಷಯ ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸತಕ್ಕದ್ದು. ರಿಸರ್ವ್ ಬ್ಯಾಂಕು 2020ರ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶವಿತ್ತಾಗ ಅನೇಕರು ಅದನ್ನು ಮನ್ನಾ ಎಂದೇ ತಿಳಿದರು. ಕಂತು ಮುಂದೆ ಹೋಯಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಶಕ್ತಿಯಿದ್ದವರು ಕಟ್ಟಿಬಿಡುವುದೇ ಲೇಸು. ಇಲ್ಲದವರು ಗಡುವಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ ಸಾಲದ ಅವಧಿ ವಿಸ್ತರಿಸುವಂತೆ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.