ತೋಳಿನ ಅಳತೆ

ಕಳೆದ ವರ್ಷ ನಾನು ಸಮವಸ್ತ್ರದ ಅಂಗಿಯೊಳಗೆ ಎರಡು ಬನಿಯನ್ ಹಾಕಿಕೊಂಡು ಕಾಲೇಜಿಗೆ ಬರುತ್ತಿದ್ದೆ. ಸೆಕೆಗಾಲದಲ್ಲೂ ಅಷ್ಟೇ. ಒಂದೂವರೆ ವರ್ಷ ಜಿಮ್‌ಗೆ ಹೋಗಿ ತೋಳು ದಪ್ಪವಾಗಿದ್ದರೂ ನೋಡಿದವರಿಗೆ ಕಡ್ಡಿಯಂತೆ ಕಾಣುತ್ತೇನೆಂಬ ಅಳುಕು. ಸೋದರಮಾವನ ಮಗನ ವಲೀಮಾಕ್ಕೆ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಒಯ್ದಿದ್ದೆ. ಉಮ್ಮ ಬೇಸರಪಟ್ಟದ್ದು ಆಗ ನನಗೆ ತಟ್ಟಲೇ ಇಲ್ಲ.

ಮನಶ್ಶಾಸ್ತ್ರದ ಸೆಮಿನಾರಿಗೆ ಓದುವಾಗ ಇದಕ್ಕೊಂದು ಹೆಸರಿದೆಯೆಂದು ತಿಳಿಯಿತು: ಮಸಲ್ ಡಿಸ್ಮಾರ್ಫಿಯಾ. 1993ರಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 108 ದೇಹದಾರ್ಢ್ಯ ಪಟುಗಳನ್ನು ಮಾತನಾಡಿಸಿದರು. ಅವರಲ್ಲಿ 9 ಮಂದಿ, ಕಟ್ಟುಮಸ್ತಾದ ಮೈ ಇದ್ದರೂ, ತಾವು ಸಣಕಲು ಎಂದೇ ನಂಬಿದ್ದರು. ಅನೊರೆಕ್ಸಿಯಾ ಇರುವವರು ಬಡಕಲಾಗಿದ್ದರೂ ಕನ್ನಡಿಯಲ್ಲಿ ದಪ್ಪವಾಗಿ ಕಾಣುತ್ತಾರಲ್ಲ, ಇದು ಅದರ ತಿರುಗುಮುರುಗು. 1997ರಲ್ಲಿ ಈಗಿನ ಹೆಸರು ಬಂತು. 2013ರ ಡಿಎಸ್‌ಎಂ-5 ಇದನ್ನು ದೇಹರೂಪದ ಗೀಳಿನ ಒಂದು ಬಗೆಯೆಂದು ಗುರುತಿಸಿತು.

ಭಾರ ಎತ್ತುವವರಿಗೆಲ್ಲ ಈ ತೊಂದರೆ ಇದೆಯೆಂದಲ್ಲ. ವ್ಯಾಯಾಮದಿಂದ ಆತ್ಮವಿಶ್ವಾಸ ಹೆಚ್ಚುವುದೂ ನಿಜವೇ. ಆದರೆ ಒಂದು ದಿನ ಜಿಮ್ ತಪ್ಪಿದರೆ ಕೆಲವರಿಗೆ ಬರೀ ಬೇಸರವಾಗುತ್ತದೆ; ಇನ್ನು ಕೆಲವರು ಅದು ತಪ್ಪಬಾರದೆಂದು ಪರೀಕ್ಷೆ, ಮದುವೆ, ಗೆಳೆಯರು ಎಲ್ಲವನ್ನೂ ಬಿಡುತ್ತಾರೆ, ಭುಜ ನೋಯುತ್ತಿದ್ದರೂ ಎತ್ತುತ್ತಾರೆ.

ಈ ಅಳತೆಗೋಲು ಬಂದದ್ದಾದರೂ ಎಲ್ಲಿಂದ? ಪೋಪ್ ತಂಡವೇ 1999ರಲ್ಲಿ ಗೊಂಬೆಗಳನ್ನು ಅಳೆಯಿತು. ನನಗೆ ನಗು ಬಂದದ್ದು ಇಲ್ಲಿಯೇ. ಜಿಐ ಜೋ ಎಂಬ ಸೈನಿಕ ಗೊಂಬೆಯನ್ನು 5 ಅಡಿ 10 ಇಂಚಿನ ಮನುಷ್ಯನ ಲೆಕ್ಕಕ್ಕೆ ಹಿಗ್ಗಿಸಿದರೆ, 1964ರ ಗೊಂಬೆಯ ತೋಳು 12.2 ಇಂಚು, ತೊಂಬತ್ತರ ದಶಕದ ಗೊಂಬೆಯದು 26.8! ಅಂಥ ತೋಳಿನವರು ಎಲ್ಲಿದ್ದಾರೆ? ಮನುಷ್ಯ ತನ್ನ ಬೆಲೆಯನ್ನು ಇತರರ ಜೊತೆ ಹೋಲಿಸಿ ಕಟ್ಟಿಕೊಳ್ಳುತ್ತಾನೆಂದು ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಈಗ ಆ 'ಇತರರು' ಫೋನಿನೊಳಗಿದ್ದಾರೆ, ಬೆಳಕು ಮತ್ತು ಕೋನ ನೋಡಿ ತೆಗೆದ ಫೋಟೊಗಳಲ್ಲಿ.

ಕೆಲವರ ಮೈಯ ಹಿಂದೆ ಸ್ಟೆರಾಯ್ಡ್ ಕೂಡ ಇರುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಸುರಿದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಹೃದಯಕ್ಕೂ ಅಪಾಯ. ನಿಲ್ಲಿಸಿದ ಮೇಲೆ ಖಿನ್ನತೆ ಕಾಡಬಹುದು. ನನಗೂ ಒಬ್ಬರು ಸಣ್ಣ ಬಾಟಲಿ ತೋರಿಸಿ, "ಎರಡು ತಿಂಗಳು ನೋಡು" ಎಂದಿದ್ದರು. ನಾನು ಬೆಲೆ ಕೇಳಿದೆ. ಅಷ್ಟು ಹಣವಿರಲಿಲ್ಲ. ದೇಹ ಅಲ್ಲಾಹನ ಅಮಾನತ್ ಎಂದು ಉಸ್ತಾದರು ಹೇಳಿದ್ದು ನೆನಪಾಗಿ ಬೇಡವೆಂದೆ ಎಂದು ಬರೆದರೆ ಸುಳ್ಳಾಗುತ್ತದೆ.

ಇದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಚಿಕಿತ್ಸೆಯಲ್ಲಿ ಒಂದು ಕ್ರಮವಿದೆ: ಭಯವನ್ನು ಬರೆದಿಟ್ಟು, ಅದು ನಿಜವೋ ಎಂದು ಪರೀಕ್ಷಿಸಿ ನೋಡುವುದು. ಆಪ್ತಸಮಾಲೋಚಕರನ್ನು ಕಂಡ ಮೇಲೆ ನಾನೂ ಬರೆದೆ: "ಒಂದೇ ಬನಿಯನ್ ಹಾಕಿದರೆ ಎಲ್ಲರೂ ನಗುತ್ತಾರೆ." ಸೋಮವಾರ ಹಾಗೆಯೇ ಬಂದೆ. ಸಂಜೆಯವರೆಗೆ ಕಾದೆ. ಪಕ್ಕದ ಬೆಂಚಿನವನು ಇತಿಹಾಸದ ನೋಟ್ಸ್ ಕೇಳಿದ, ಅಷ್ಟೇ.

ಜಿಮ್ ಬಿಟ್ಟಿಲ್ಲ, ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಅಳತೆ ಟೇಪು ಉಮ್ಮನ ಹೊಲಿಗೆ ಡಬ್ಬಿಗೆ ವಾಪಸಾಗಿದೆ.