ಶೆರಿಫ್, ಗೌಡಕಿ ಮತ್ತು ಲೆಕ್ಕದ ಪುಸ್ತಕ

ಇಂಗ್ಲಿಷ್ ಸಿನಿಮಾಗಳಲ್ಲಿ ಎದೆಗೆ ನಕ್ಷತ್ರದ ಬಿಲ್ಲೆ ಹಾಕಿಕೊಂಡು ಕುದುರೆ ಮೇಲೆ ಬರುವ ಅಧಿಕಾರಿಯೇ ಶೆರಿಫ್. ಉರ್ದು ಮಾತಾಡುವ ನಮ್ಮಂಥ ಮನೆಯವರಿಗೆ ಅದು 'ಶರೀಫ್' ಎಂದೇ ಕೇಳಿಸುತ್ತದೆ. ಆದರೆ ಎರಡಕ್ಕೂ ಸಂಬಂಧವಿಲ್ಲ. ಶರೀಫ್ ಎಂಬುದು ಅರಬ್ಬಿ ಪದ. ಕುಲೀನ, ಸಜ್ಜನ ಎಂದು ಅರ್ಥ. ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫ ಸಾಹೇಬರ ಹೆಸರಿನಲ್ಲಿರುವುದು ಈ ಪದ. ಶೆರಿಫ್ ಮಾತ್ರ ಹಳೆಯ ಇಂಗ್ಲಿಷಿನ ಎರಡು ಪದ ಕೂಡಿ ಆದದ್ದು. 'ಶೈರ್' ಎಂದರೆ ಜಿಲ್ಲೆಯಂಥ ಪ್ರದೇಶ, 'ರೀವ್' ಎಂದರೆ ಅದನ್ನು ನೋಡಿಕೊಳ್ಳುವ ಅಧಿಕಾರಿ.

ಇಂಗ್ಲೆಂಡಿನಲ್ಲಿ ಶೆರಿಫ್ ರಾಜನ ಪರವಾಗಿ ಹಣ ವಸೂಲಿ ಮಾಡುತ್ತಿದ್ದ, ಕಳ್ಳರನ್ನು ಹಿಡಿಯುತ್ತಿದ್ದ, ನ್ಯಾಯವನ್ನೂ ಹೇಳುತ್ತಿದ್ದ. ಅನೇಕ ಕಡೆ ರಾಜನಿಗೆ ನಿಗದಿಯಾದ ಮೊತ್ತ ಕಟ್ಟಿ ಉಳಿದದ್ದನ್ನು ತಾನೇ ಇಟ್ಟುಕೊಳ್ಳಬಹುದಿತ್ತು. ಹೆಚ್ಚು ವಸೂಲಿಯಾದಷ್ಟು ಅವನಿಗೇ ಲಾಭ. ಜನರ ದೂರು ಹೆಚ್ಚಿದಾಗ 1170ರಲ್ಲಿ ಎರಡನೆಯ ಹೆನ್ರಿ ರಾಜ ವಿಚಾರಣೆ ನಡೆಸಿ ಬಹುಪಾಲು ಶೆರಿಫರನ್ನು ತೆಗೆದುಹಾಕಿದ. 1215ರ ಮ್ಯಾಗ್ನಾ ಕಾರ್ಟಾ ಅವರ ಅಧಿಕಾರಕ್ಕೆ ಕಡಿವಾಣ ಹಾಕಿತು. ಶೆರಿಫರು ಲೆಕ್ಕ ಒಪ್ಪಿಸುತ್ತಿದ್ದ ಮೇಜಿನ ಮೇಲೆ ಚೌಕಳಿ ಬಟ್ಟೆ ಹಾಸಿರುತ್ತಿತ್ತು. ಅದರಿಂದಲೇ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು. ಇಂದಿಗೂ ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಯಲ್ಲಿ ಆ ಪದವಿದೆ.

ಈಗ ಒಂದೇ ಹೆಸರಿಗೆ ದೇಶಕ್ಕೊಂದು ಕೆಲಸ. ಅಮೆರಿಕದ ಹೆಚ್ಚಿನ ಕೌಂಟಿಗಳಲ್ಲಿ ಶೆರಿಫ್ ಜನರಿಂದ ಆಯ್ಕೆಯಾದ ಪೊಲೀಸ್ ಅಧಿಕಾರಿ. ಸ್ಕಾಟ್ಲೆಂಡಿನಲ್ಲಿ ನ್ಯಾಯಾಧೀಶ. ಇಂಗ್ಲೆಂಡಿನಲ್ಲಿ ಸಂಬಳವಿಲ್ಲದ, ಒಂದು ವರ್ಷದ ಗೌರವ ಹುದ್ದೆ. ಮುಂಬೈಯಲ್ಲಿಯೂ ಅದು ಗೌರವ ಹುದ್ದೆಯೇ ಆಗಿತ್ತು; ನಟ ದಿಲೀಪ್ ಕುಮಾರ್ 1980ರಲ್ಲಿ ಅಲ್ಲಿನ ಶೆರಿಫ್ ಆಗಿದ್ದರು.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಶೆರಿಫ್ ಇರಲಿಲ್ಲ. ಆ ಕೆಲಸ ಗೌಡರದು, ಅಂದರೆ ಪಾಟೀಲರದು. ಊರಿನ ಕಂದಾಯ ವಸೂಲಿಯೂ ಬಂದೋಬಸ್ತೂ ಅವರ ಕೈಯಲ್ಲಿ. ಲೆಕ್ಕ ಬರೆಯುವವರು ಕುಲಕರ್ಣಿ, ಕಾವಲಿಗೆ ತಳವಾರ. ಹಣ ಮುಟ್ಟುವವರು ಬೇರೆ, ಪುಸ್ತಕ ಬರೆಯುವವರು ಬೇರೆ. ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಇದನ್ನು 'ಇಂಟರ್ನಲ್ ಚೆಕ್' ಎಂದು ಓದುತ್ತೇವೆ. ಆದರೆ ಇಬ್ಬರೂ ಒಂದಾದರೆ ಆ ತಡೆ ಮುರಿಯುತ್ತದೆ. ಅದೂ ಅಲ್ಲದೆ ಹುದ್ದೆ ತಂದೆಯಿಂದ ಮಗನಿಗೆ ಬರುವ ವತನವಾಗಿತ್ತು. ಓದು ಬಾರದ ರೈತ ಪುಸ್ತಕ ತೋರಿಸಿ ಎಂದು ಕೇಳುವುದಾದರೂ ಹೇಗೆ?

1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳು ಹೋದವು. ಸಂಬಳದ ಸರಕಾರಿ ನೌಕರರು ಬಂದರು. ಪಾಟೀಲ, ಕುಲಕರ್ಣಿ, ತಳವಾರ ಎಂಬವು ನಮ್ಮ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರುಗಳಾಗಿ ಉಳಿದಿವೆ.

ಶೆರಿಫರ ಕಥೆಯೂ ಗೌಡಕಿಯ ಕಥೆಯೂ ಒಂದೇ ಪಾಠ ಹೇಳುತ್ತವೆ: ಹಣ, ಅಧಿಕಾರ ಎರಡೂ ಒಬ್ಬರ ಕೈಯಲ್ಲಿದ್ದಾಗ ಲೆಕ್ಕ ಕೇಳುವವರು ಬೇಕು. ಹಿಂದೆ ರಾಜ ಕೇಳುತ್ತಿದ್ದ. ಈಗ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಯಾವ ನಾಗರಿಕನೂ ಕೇಳಬಹುದು. ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿದರೆ ನಾವೂ ಗ್ರಾಮಸಭೆಯ ಸದಸ್ಯರು. ನಮ್ಮಲ್ಲಿ ಬಹಳ ಜನರಿಗೆ ಅದು ಮುಂದಿನ ವರ್ಷವೇ. ಜಮಾ-ಖರ್ಚು ಓದಲು ಕಲಿತವರು ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರಬಾರದು.