ದಾಳಿಂಬೆ ಕೊರಕ: ತೂತು ಬಿದ್ದ ಕಾಯಿ ಬದುವಿಗೆ ಎಸೆಯಬೇಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ದಾಳಿಂಬೆ ಬೆಳೆಗಾರರದು ಮೃಗ ಬಹಾರಿನ ಕಾಯಿ ಕಟ್ಟುವ ಹೊತ್ತಿಗೆ ಒಂದೇ ದೂರು: ಎಷ್ಟು ಔಷಧಿ ಹೊಡೆದರೂ ಕಾಯಿ ತೂತು ಬೀಳುವುದು ನಿಲ್ಲುತ್ತಿಲ್ಲ. ತೋಟಕ್ಕೆ ಹೋಗಿ ನೋಡಿದರೆ ಕಾರಣ ಬದುವಿನ ಮೇಲೆಯೇ ಬಿದ್ದಿರುತ್ತದೆ. ಕಿತ್ತು ಎಸೆದ ಕಾಯಿಗಳ ಗುಡ್ಡೆ, ಒಳಗೆ ಜೀವಂತ ಹುಳು.

ಇದು ಡ್ಯೂಡೋರಿಕ್ಸ್ ಐಸೊಕ್ರೇಟಿಸ್ ಎಂಬ ಸಣ್ಣ ಪಾತರಗಿತ್ತಿಯ ಮರಿಹುಳು. ಇದರ ದಾಯಾದಿ ಡ್ಯೂಡೋರಿಕ್ಸ್ ಲಿವಿಯಾ ಆಫ್ರಿಕಾದ ಈಜಿಪ್ಟ್, ಟ್ಯುನೀಷಿಯಾಗಳಲ್ಲಿ ದಾಳಿಂಬೆ ಹಾಳು ಮಾಡುತ್ತದೆ. ನಮ್ಮಲ್ಲಿಯ ಹೆಣ್ಣಿನ ಮುಂದಿನ ರೆಕ್ಕೆಯ ಮೇಲೆ ಕಿತ್ತಳೆ ಮಚ್ಚೆ ಕಾಣುತ್ತದೆ. ಹೂವು, ಎಳೆಕಾಯಿಗಳ ಮೇಲೆ ಒಂದೊಂದೇ ತತ್ತಿ ಇಡುತ್ತದೆ. 7ರಿಂದ 10 ದಿನಕ್ಕೆ ಮರಿ ಹೊರಬಂದು ಕಾಯಿ ಕೊರೆದು ಒಳಸೇರಿದರೆ 18ರಿಂದ 47 ದಿನ ಕಾಳು ತಿನ್ನುತ್ತ ಬೆಳೆಯುತ್ತದೆ. ತೂತಿನ ಬಾಯಿಗೆ ಹಿಕ್ಕೆ ಮೆತ್ತಿರುತ್ತದೆ, ಕಾಯಿ ಕೊಳೆತು ನಾರುತ್ತದೆ. ಬೆಳೆದ ಹುಳು ಹೊರಬಂದು, ಕಾಯಿ ಉದುರದಂತೆ ತೊಟ್ಟನ್ನು ನೂಲಿನಿಂದ ಟೊಂಗೆಗೆ ಬಿಗಿಯುತ್ತದೆ. ಕೋಶವಾಗುವುದೂ ಕಾಯಿಯೊಳಗೆ, ಇಲ್ಲವೇ ತೊಟ್ಟಿನ ಮೇಲೆ.

ಹುಳು ಒಳಹೊಕ್ಕ ಮೇಲೆ ಮೇಲಿಂದ ಸಿಂಪಡಿಸಿದ ಔಷಧಿ ಅದನ್ನು ಮುಟ್ಟುವುದಿಲ್ಲ. ಆದರೂ ತೂತು ಕಂಡ ಮೇಲೆಯೇ ಪಂಪು ಹೆಗಲಿಗೇರಿಸುತ್ತೀರಿ, ಎರಡು ಮೂರು ಔಷಧಿ ಕಲಸಿ ಹೊಡೆಯುತ್ತೀರಿ. ಎಷ್ಟು ಸಲ ಹೇಳಬೇಕು? ತೂತಾದ ಕಾಯಿ, ಉದುರಿದ ಕಾಯಿ ಎಲ್ಲವನ್ನೂ ವಾರಕ್ಕೊಮ್ಮೆ ಆರಿಸಿ, ಎರಡು ಅಡಿ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ತುಳಿದು ಮುಚ್ಚಿ. ತಿಪ್ಪೆಗೂ ಬೇಡ, ಹಳ್ಳಕ್ಕೂ ಬೇಡ. ಪಕ್ಕದ ಪೇರಲ, ಹುಣಸೆಯಲ್ಲಿಯೂ ಇದೇ ಹುಳು ಬದುಕುತ್ತದೆ, ಅಲ್ಲಿಯೂ ನೋಡಿ.

ಸಿಂಪರಣೆ ಹೂ ಬಿಡುವಾಗಲೇ ಶುರುವಾಗಬೇಕು. 5 ಕೆಜಿ ಬೇವಿನ ಬೀಜದ ತಿರುಳು ಕುಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್ ಮಾಡಿ, 100 ಗ್ರಾಂ ಸಾಬೂನು ಪುಡಿ ಕಲಸಿ ಸಂಜೆ ಹೊಡೆಯಿರಿ. ಕಷಾಯ ಮಾಡಲಾಗದವರು ಅಜಾಡಿರಾಕ್ಟಿನ್ 1500 ಪಿಪಿಎಂ ಲೀಟರಿಗೆ 3 ಮಿ.ಲೀ. ಬಳಸಿ. 15 ದಿನಕ್ಕೊಮ್ಮೆ ಪುನಃ ಸಿಂಪಡಿಸಿ. ಬಾಧೆ ಏರಿದರೆ ಸಯಾಂಟ್ರಾನಿಲಿಪ್ರೋಲ್ 10.26 ಓಡಿ ಲೀಟರಿಗೆ 0.75 ಮಿ.ಲೀ. ಸಾಕು. ಅಂದಾಜಿನ ಮುಚ್ಚಳ ಬೇಡ, ಅಳತೆ ಲೋಟವನ್ನೇ ಬಳಸಿ. ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂಬುದನ್ನು ಲೇಬಲ್ಲಿನಲ್ಲಿ ಓದಿಕೊಳ್ಳಿ. ಕಾಯಿ ನಿಂತ ಮೇಲೆ ಬಟರ್ ಪೇಪರ್ ಚೀಲ ಕಟ್ಟಿದರೆ ತತ್ತಿ ಇಡಲು ಜಾಗವೇ ಸಿಗದು.

ಸಬ್ಸಿಡಿಯ ಬೆಳಕಿನ ಬಲೆಗಾಗಿ ಕಾಯಬೇಡಿ, ಪಾತರಗಿತ್ತಿ ಹಗಲು ಹಾರುವಂಥದ್ದು. ಒಬ್ಬರೇ ಮಾಡಿದರೆ ಪಕ್ಕದ ತೋಟದಿಂದ ಮತ್ತೆ ಬರುತ್ತದೆ. ಅಕ್ಕಪಕ್ಕದವರನ್ನೂ ಕರೆದುಕೊಂಡು ಈ ವಾರವೇ ಕಾಯಿ ಆರಿಸಿ, ಗುಂಡಿ ತೋಡಿ.